ಸರ್ಪಗಂಧ ನೆಡುವ ತಂಗಿಗೆ

ತೋಟದ ಮೇಲ್ಬದಿಯ ಅರ್ಧ ಎಕರೆಗೆ ಸರ್ಪಗಂಧ ಹಾಕುತ್ತೇನೆ ಅಂದೆಯಲ್ಲ ತಂಗೀ, ಹಾಕು. ಬೇಡ ಎನ್ನುವವನು ನಾನಲ್ಲ. ಅಡಿಕೆಯೊಂದನ್ನೇ ನಂಬಿ ಕೂತವರ ಪಾಡು ಏನಾಗುತ್ತದೆ ಎಂಬುದನ್ನು ಕೊಳೆರೋಗದ ಮಳೆಗಾಲಗಳಲ್ಲಿ ನೀನೂ ಕಂಡಿದ್ದೀಯ. ಆದರೆ ಕಾಳುಮೆಣಸು, ಏಲಕ್ಕಿ ನೋಡಿ ಬೆಳೆದ ಕಣ್ಣಿನಿಂದ ಈ ಗಿಡವನ್ನು ನೋಡಬೇಡ. ಮೆಣಸಿನ ಬಳ್ಳಿ ವರ್ಷವರ್ಷ ಕೊಡುತ್ತದೆ, ಕೊಟ್ಟೂ ಉಳಿಯುತ್ತದೆ. ಸರ್ಪಗಂಧದಲ್ಲಿ ಬೆಲೆ ಇರುವುದು ಬೇರಿಗೆ. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು. ನಮ್ಮ ಕಾಡುಗಳಲ್ಲಿ ಇದು ಅಪರೂಪವಾದದ್ದು ಹೀಗೆ ಕಿತ್ತು ಕಿತ್ತೇ. ಅದಕ್ಕೇ ಹೇಳುತ್ತೇನೆ, ಮೊದಲು ಬೀಜ ಬೆಳೆದುಕೊಳ್ಳುವುದನ್ನು ಕಲಿ, ಬೇರಿನ ಯೋಚನೆ ಆಮೇಲೆ. ಅರ್ಧ ಎಕರೆ ಈಗಲೇ ಬೇಡ. ಎರಡು ಗುಂಟೆಯಲ್ಲೇ ಸಾವಿರಕ್ಕೂ ಮೇಲೆ ಗಿಡ ಹಿಡಿಯುತ್ತವೆ. ಕಲಿಯುವುದಕ್ಕೆ ಅಷ್ಟು ಧಾರಾಳ.

ನೆಡುವ ಮುಂಚೆ ಗಿಡದ ಗುರುತು ಗಟ್ಟಿಯಾಗಿರಲಿ. ಸರ್ಪಗಂಧ ಎಂದು ಮಾರುವ ಸಸಿಗಳ ನಡುವೆ ಅದರ ದಾಯಾದಿಯೊಂದು ಸೇರಿಕೊಂಡಿರುತ್ತದೆ. ರಾವೋಲ್ಫಿಯಾ ಟೆಟ್ರಾಫಿಲ್ಲಾ ಅದರ ಹೆಸರು. ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದು ಈಗ ನಮ್ಮಲ್ಲಿ ರಸ್ತೆ ಬದಿ, ಹಾಳುಬಿದ್ದ ಜಾಗಗಳಲ್ಲಿ ತಾನಾಗಿ ಹಬ್ಬಿದೆ. ಅದಕ್ಕೆ ಗೆಣ್ಣಿಗೆ ನಾಲ್ಕು ಎಲೆ. ನಾಲ್ಕೂ ಒಂದೇ ಅಳತೆಯವಲ್ಲ, ಕೆಲವು ದೊಡ್ಡವು, ಕೆಲವು ಚಿಕ್ಕವು. ಹೂ ಪುಟ್ಟದು, ಮಾಸಲು ಬಿಳಿ. ಕಾಯಿ ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ಅಸಲಿ ಸರ್ಪಗಂಧ, ಅಂದರೆ ರಾವೋಲ್ಫಿಯಾ ಸರ್ಪೆಂಟಿನಾ, ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದವರೆಗೆ ಬರುವ ಗಿಡ. ಗೆಣ್ಣಿಗೆ ಮೂರು ಎಲೆ, ಕೆಲವೊಮ್ಮೆ ನಾಲ್ಕೋ ಐದೋ. ಎಲೆಯ ತುದಿ ಚೂಪು, ಮೇಲ್ಮೈ ಹೊಳೆಯುವ ಹಸಿರು, ಕೆಳಗೆ ತಿಳಿ ಹಸಿರು. ಹೂಗೊಂಚಲಿನ ತೊಟ್ಟು ಕೆಂಪು, ಹೂವಿನ ಉದ್ದ ಕೊಳವೆ ನಸುಗೆಂಪು, ಎಸಳು ಬಿಳಿ. ಹೂಬಿಟ್ಟ ಗಿಡವನ್ನು ಒಮ್ಮೆ ಕಣ್ಣಾರೆ ಕಂಡರೆ ಮತ್ತೆ ಮೋಸಹೋಗುವ ಪ್ರಶ್ನೆಯಿಲ್ಲ. ಆದ್ದರಿಂದ ಸಸಿ ಕೊಳ್ಳುವಾಗ ತಾಯಿಗಿಡ ತೋರಿಸಿ ಎಂದು ಕೇಳು, ಸಂಕೋಚ ಬೇಡ. ಮೂರು ವರ್ಷ ಸಾಕಿ ಕಿತ್ತ ಮೇಲೆ ಇದು ಬೇರೆ ಜಾತಿ ಎಂದು ವ್ಯಾಪಾರಿ ವಾಪಸು ಕಳಿಸಿದರೆ ಯಾರನ್ನು ದೂರುತ್ತೀಯ? ಶಿರಸಿಯ ಅರಣ್ಯ ಕಾಲೇಜಿನಲ್ಲೋ, ಬೆಂಗಳೂರಿನ ಯಲಹಂಕದ ಹತ್ತಿರ ಔಷಧಿ ಸಸ್ಯಗಳ ಮೇಲೆ ಕೆಲಸ ಮಾಡುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯಲ್ಲೋ ವಿಚಾರಿಸಿದರೆ ಜಾತಿ ಖಾತ್ರಿಪಡಿಸಿಕೊಳ್ಳಬಹುದು.

ಬೆಟ್ಟದಿಂದ ನಾಲ್ಕು ಗಿಡ ಕಿತ್ತು ತಂದು ನೆಟ್ಟರೆ ಆಯಿತಲ್ಲ ಎಂದು ಯಾರಾದರೂ ಹೇಳಿಯಾರು. ಆ ಕೆಲಸಕ್ಕೆ ಖಂಡಿತ ಕೈಹಾಕಬೇಡ. ಕಾಡಿನಲ್ಲಿ ಉಳಿದಿರುವುದೇ ಅಲ್ಲೊಂದು ಇಲ್ಲೊಂದು. ಬೇರಿಗೆ ಪೆಟ್ಟು ಬಿದ್ದ ಹಳೆಯ ಗಿಡ ಹೊಸ ಜಾಗದಲ್ಲಿ ಸರಿಯಾಗಿ ನೆಲೆಯೂರುವುದೂ ಕಷ್ಟ. ಕಾಡಿಗೂ ಇಲ್ಲ, ನಿನಗೂ ಇಲ್ಲ ಎನ್ನುವಂತಾಗುತ್ತದೆ.

ಈಗ ಬೀಜದ ವಿಷಯ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೇಸಿಗೆಯಿಂದ ಹೂ ಶುರುವಾಗಿ ಮಳೆಗಾಲ ಮುಗಿಯುವವರೆಗೂ ಹೂ, ಕಾಯಿ, ಹಣ್ಣು ಒಂದೇ ಗೊಂಚಲಿನಲ್ಲಿ ಒಟ್ಟೊಟ್ಟಿಗೆ ಇರುತ್ತವೆ. ಎಲ್ಲ ಒಟ್ಟಿಗೆ ಹಣ್ಣಾಗಲಿ ಎಂದು ಕಾದರೆ ಅರ್ಧ ಉದುರಿಹೋಗುತ್ತದೆ, ಉಳಿದದ್ದು ಹಕ್ಕಿಯ ಪಾಲು. ಕಾಯಿ ಕಡುನೇರಳೆಗೆ ತಿರುಗಿ ಕಪ್ಪಾದ ಹಾಗೆ ವಾರಕ್ಕೊಮ್ಮೆ ಹೋಗಿ ಬಿಡಿಬಿಡಿಯಾಗಿ ಕೊಯ್ಯಬೇಕು. ಮೇಲಿನ ತಿರುಳನ್ನು ನೀರಿನಲ್ಲಿ ಕಿವುಚಿ ತೆಗೆದು, ಬೀಜವನ್ನು ಬಕೆಟ್ ನೀರಿಗೆ ಹಾಕು. ತೇಲಿದ್ದು ಜೊಳ್ಳು, ಚೆಲ್ಲಿಬಿಡು. ಮುಳುಗಿದ್ದನ್ನು ಮಾತ್ರ ನೆರಳಲ್ಲಿ ಒಣಗಿಸು. ಒಳಗಿನ ಓಡು ಗಟ್ಟಿ. ಹಾಗಾಗಿ ಗಟ್ಟಿ ಬೀಜವೂ ಎಲ್ಲ ಮೊಳೆಯುವುದಿಲ್ಲ. ಅರ್ಧದಷ್ಟು ಹುಟ್ಟಿದರೆ ಒಳ್ಳೆಯ ಬೀಜ ಎಂದೇ ತಿಳಿ. ಅದಕ್ಕಿಂತ ಕಡಿಮೆ ಹುಟ್ಟುವುದೇ ಹೆಚ್ಚು. ಇಟ್ಟಷ್ಟೂ ಮೊಳೆಯುವ ಶಕ್ತಿ ಇಳಿಯುತ್ತದೆ. ಈ ವರ್ಷದ ಬೀಜ ಮುಂದಿನ ಮಳೆಗಾಲದ ಆಚೆಗೆ ಹೋಗಬಾರದು. ಅಂಗಡಿಯಲ್ಲಿ ಎಷ್ಟು ಕಾಲದಿಂದ ಕೂತಿದೆಯೋ ಗೊತ್ತಿಲ್ಲದ ಬೀಜದ ಪೊಟ್ಟಣಕ್ಕೆ ದುಡ್ಡು ಸುರಿಯುವುದು ಬೇಡ.

ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಏರುಮಡಿ ಮಾಡು. ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆತಿರಲಿ, ಮೇಲೊಂದು ಅರೆನೆರಳಿನ ಚಪ್ಪರ ಇರಲಿ. ಬೀಜವನ್ನು ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಬೆರಳ ತುದಿಯಷ್ಟು ಆಳಕ್ಕೆ ಬಿತ್ತಿ, ಮೇಲೆ ತೆಳ್ಳಗೆ ದರಗು ಮುಚ್ಚು. ಮೂರು ವಾರಕ್ಕೆ ಒಂದೊಂದೇ ತಲೆಯೆತ್ತುತ್ತವೆ. ಹದಿನೈದು ದಿನಕ್ಕೇ ಏನೂ ಕಾಣಲಿಲ್ಲ ಎಂದು ಮಡಿ ಅಗೆದುಬಿಡುವವರಿದ್ದಾರೆ. ಎರಡು ತಿಂಗಳ ತನಕವೂ ಒಂದೊಂದು ಹುಟ್ಟುತ್ತಲೇ ಇರುತ್ತದೆ, ಆ ಮಡಿ ಹಾಗೇ ಇರಲಿ. ನಾಲ್ಕಾರು ಎಲೆ ಬಂದ ಸಸಿಯನ್ನು ಮಳೆ ಹಿಡಿದ ಮೇಲೆ ಕಿತ್ತು ನೆಡಬಹುದು. ಬೇರಿನ ತುಂಡು, ಕಾಂಡದ ತುಂಡು ನೆಟ್ಟೂ ಗಿಡ ಮಾಡಬಹುದು. ಬೀಜ ಸಿಗದಿದ್ದಾಗ ಅದೇ ದಾರಿ. ಆದರೆ ಬೀಜದ ಗಿಡ ಇಳಿಸುವ ಬೇರಿನ ತೂಕ ತುಂಡಿನ ಗಿಡಕ್ಕೆ ಬರುವುದಿಲ್ಲ.

ಜಾಗದ ಬಗ್ಗೆ ನಿನ್ನ ಆಯ್ಕೆ ಸರಿಯಾಗಿದೆ. ಇದು ಎಲೆ ಉದುರಿಸುವ ಕಾಡಿನ ಮರಗಳ ಬುಡದಲ್ಲಿ, ಅರೆನೆರಳಲ್ಲಿ, ಎಲೆ ಕೊಳೆತ ಕಪ್ಪು ಮಣ್ಣಿನಲ್ಲಿ ಹುಟ್ಟುವ ಗಿಡ. ನಮ್ಮ ಮಣ್ಣಿನ ಸಣ್ಣ ಹುಳಿಗುಣ ಇದಕ್ಕೆ ಒಗ್ಗುತ್ತದೆ. ತೋಟದ ಒಳಗೆ, ಅಡಿಕೆ ಸಾಲಿನ ನಡುವೆ ನೆಡುವ ಆಸೆ ಬಂದರೆ ಮಾತ್ರ ಎರಡು ಸಲ ಯೋಚಿಸು. ಅಲ್ಲಿ ನೀರು ಜಾಸ್ತಿ, ನೆರಳೂ ದಟ್ಟ. ಅದಕ್ಕಿಂತ ಹೆಚ್ಚಾಗಿ, ಬೇರು ಕೀಳುವ ದಿನ ಒಂದೂವರೆ ಅಡಿ ಆಳಕ್ಕೆ ಅಗೆದರೆ ಅಡಿಕೆಯ ಬೇರು ಕಡಿಯದೆ ಇರುತ್ತದೆಯೇ? ತೋಟಕ್ಕೂ ಬೆಟ್ಟಕ್ಕೂ ನಡುವಿನ ಇಳಿಜಾರೇ ಒಳ್ಳೆಯದು. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ ಸಾಕು. ಆಷಾಢದ ಮಳೆಯಲ್ಲಿ ನೀರು ಒಂದು ಹೊತ್ತೂ ನಿಲ್ಲದ ಹಾಗೆ ಬಸಿಗಾಲುವೆ ತೆಗೆದಿರಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಮೇಲೆ ಎಲೆ ಬಾಡಿ ನಿನಗೆ ಗೊತ್ತಾಗುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ಬೇಸಿಗೆಯಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಒಂದು ನೀರು ಕೊಟ್ಟರೆ ಬದುಕಿಕೊಳ್ಳುತ್ತದೆ.

ಗೊಬ್ಬರಕ್ಕೆ ಕೊಟ್ಟಿಗೆಯದೇ ಸಾಕು. ಮೊದಲ ಮಳೆಗಾಲದಲ್ಲಿ ಕಳೆ ಮಾತ್ರ ತಪ್ಪದೆ ಕೀಳು, ಎಳೆಯ ಗಿಡ ಕಳೆಯ ಜೊತೆ ಗುದ್ದಾಡಲಾರದು. ಕಣಗಿಲೆ ಗಿಡದ ಎಲೆ ತಿನ್ನುವ, ಬಾಲದ ಕಡೆ ಕೊಂಬಿರುವ ದಪ್ಪ ಹಸಿರು ಹುಳು ಇದಕ್ಕೂ ಬರುವುದುಂಟು, ಕಣಗಿಲೆಯೂ ಇದೂ ಒಂದೇ ಕುಟುಂಬ. ಬೆಳಿಗ್ಗೆ ಹೋಗಿ ಕೈಯಲ್ಲಿ ಆರಿಸಿ ತೆಗೆದರೆ ಆಯಿತು. ಔಷಧಕ್ಕೆ ಹೋಗುವ ಬೇರಿನ ಗಿಡಕ್ಕೆ ವಿಷ ಹೊಡೆಯುವುದು ಸರಿಯಲ್ಲ. ಇನ್ನು ಹೂವು. ನಾಲ್ಕು ಸಾಲು ಬೀಜಕ್ಕೆಂದು ಬಿಟ್ಟು, ಉಳಿದವುಗಳಲ್ಲಿ ಬಂದ ಹೂಗೊಂಚಲನ್ನು ಚಿವುಟುತ್ತಿರು. ಕಾಯಿ ಕಟ್ಟಲು ಹೋಗುವ ಶಕ್ತಿ ಬೇರಿಗಿಳಿಯುತ್ತದೆ.

ಬೇರು ಕೀಳಲು ಅವಸರ ಬೇಡ. ಒಂದೂವರೆ ವರ್ಷಕ್ಕೇ ಕೀಳಬಹುದು ಎನ್ನುವವರಿದ್ದಾರೆ, ಕೀಳಲೂಬಹುದು, ಆದರೆ ಎರಡೂವರೆ ಮೂರು ವರ್ಷದ ಬೇರಿನ ತೂಕವೇ ಬೇರೆ. ಚಳಿಗಾಲದಲ್ಲಿ, ಎಲೆ ಉದುರಿ ಗಿಡ ತಣ್ಣಗಿರುವ ಡಿಸೆಂಬರ್ ಹೊತ್ತಿಗೆ ಕೀಳು. ಹಿಂದಿನ ದಿನ ನೀರು ಹಾಯಿಸಿ ಮಣ್ಣು ಮೆತ್ತಗೆ ಮಾಡಿಕೊಂಡಿರು. ಇಲ್ಲಿ ಒಂದು ಮಾತು ಆಳುಗಳಿಗೂ ತಿಳಿಸಿ ಹೇಳು. ಮದ್ದಿನ ಸತ್ವದ ಬಹುಪಾಲು ಇರುವುದು ಬೇರಿನ ತೊಗಟೆಯಲ್ಲಿ. ಗುದ್ದಲಿ ತಾಗಿ ತೊಗಟೆ ಸುಲಿದರೆ, ತೊಳೆಯುವಾಗ ನಾರಿನಿಂದ ತಿಕ್ಕಿ ತೊಗಟೆ ಕಳೆದರೆ, ಮೂರು ವರ್ಷದ ಕೆಲಸ ತೊಳೆದ ನೀರಲ್ಲಿ ಹೋದ ಹಾಗೆ. ಮಣ್ಣು ಹೋಗುವಷ್ಟು ಮಾತ್ರ ಮೆಲ್ಲಗೆ ತೊಳೆದು, ಗೇಣುದ್ದದ ತುಂಡು ಮಾಡಿ, ಗಾಳಿಯಾಡುವ ನೆರಳಲ್ಲಿ ಒಣಗಿಸು. ಬಾಗಿಸಿದರೆ ಟಕ್ಕನೆ ಮುರಿಯಬೇಕು, ಅಷ್ಟು ಒಣಗಬೇಕು. ನಮ್ಮ ಮಳೆಗಾಲದ ಥಂಡಿಗೆ ಸಿಕ್ಕರೆ ಬೂಸಲು ಬರುತ್ತದೆ. ಗಾಳಿಯಾಡದ ಡಬ್ಬಿಯೋ ಚೀಲವೋ ಆಗಲೇ ತಯಾರಿರಲಿ.

ಇನ್ನು ಹೇಳುವುದನ್ನು ಚೆನ್ನಾಗಿ ಕಿವಿಗೊಟ್ಟು ಕೇಳು. ನಿನ್ನ ಹಿತ್ತಲಲ್ಲಿ ಸರ್ಪಗಂಧ ಉಂಟು ಎಂದು ಊರಿಗೆ ಗೊತ್ತಾದ ಮಾರನೆಯ ದಿನವೇ, ಬಿಪಿಗೆ ಒಂದು ತುಂಡು ಬೇರು ಕೊಡೇ ಎಂದು ಕೇಳಿಕೊಂಡು ಬರುತ್ತಾರೆ. ಕೊಡಬೇಡ. ನಿನ್ನ ಅಪ್ಪನಿಗೂ ಕೊಡಬೇಡ.

ಈ ಬೇರು ಅಡುಗೆಮನೆಯ ಕಷಾಯದ ಸಾಮಾನಲ್ಲ, ಬಲವಾದ ಮದ್ದು. 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಇದರ ಬೇರಿನಿಂದ ಹಲವು ಸತ್ವಗಳನ್ನು ಬೇರ್ಪಡಿಸಿದರು. ಅದರಲ್ಲೊಂದಕ್ಕೆ ಕಾಲೇಜಿನ ಸಂಸ್ಥಾಪಕ ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದೇ ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಹೃದಯವೈದ್ಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಮೇಲೆ ಈ ಬೇರಿನ ಪರಿಣಾಮವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಜಗತ್ತಿನ ಕಣ್ಣು ಇತ್ತ ಬಿದ್ದದ್ದು ಆಮೇಲೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಇದರಿಂದ ರಿಸರ್ಪಿನ್ ತೆಗೆದರು. ರಕ್ತದೊತ್ತಡಕ್ಕೂ ಮನೋರೋಗಕ್ಕೂ ಅದು ಮಾತ್ರೆಯಾಯಿತು. ಬಿಹಾರದ ಕಡೆ ಹಳ್ಳಿಗರು ಈ ಬೇರನ್ನು ಹುಚ್ಚಿನ ಮದ್ದು ಎಂದು ಮೊದಲಿನಿಂದಲೂ ಕರೆಯುತ್ತಿದ್ದರು. ಅವರ ಅನುಭವ ಸುಳ್ಳಾಗಿರಲಿಲ್ಲ ಎಂದು ಹೊರಗಿನವರಿಗೆ ಗೊತ್ತಾದದ್ದು ಆಗ. ಈ ಕತೆ ಹೇಳುವಾಗೆಲ್ಲ ನನಗೆ ಅಭಿಮಾನ ಉಕ್ಕುತ್ತದೆ, ಜೊತೆಗೇ ಸಂಕಟವೂ ಆಗುತ್ತದೆ. ಆ ಬೇಡಿಕೆಗೇ ಅಲ್ಲವೇ ಕಾಡುಗಳಿಂದ ಬೇರು ಮೂಟೆಮೂಟೆಯಾಗಿ ಹೋದದ್ದು!

ಅದೇ ರಿಸರ್ಪಿನ್ ಹೆಚ್ಚಾದರೆ ರಕ್ತದೊತ್ತಡ ಕುಸಿಯುತ್ತದೆ, ನಾಡಿ ನಿಧಾನವಾಗುತ್ತದೆ, ಮೂಗು ಕಟ್ಟುತ್ತದೆ, ಹೊಟ್ಟೆಹುಣ್ಣು ಕೆರಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮನಸ್ಸು ಖಿನ್ನತೆಗೆ ಬೀಳಬಹುದು. ಬಿಟ್ಟ ಮೇಲೂ ಅದರ ಪ್ರಭಾವ ಹಲವು ದಿನ ಉಳಿಯುತ್ತದೆ. ಬೇರಿನಿಂದ ಬೇರಿಗೆ ಸತ್ವದ ಪ್ರಮಾಣ ಬೇರೆ, ಅಂದಾಜಿಗೆ ತೇಯ್ದು ಕುಡಿಯುವವರಿಗೆ ತಾವೆಷ್ಟು ಕುಡಿದೆವು ಎಂಬುದೇ ಗೊತ್ತಿರುವುದಿಲ್ಲ. ಬಿಪಿ ಮಾತ್ರೆ ನುಂಗುತ್ತಿರುವ ನಿನ್ನ ಅಪ್ಪ ಮೇಲಿಂದ ಇದನ್ನೂ ಕುಡಿದರೆ ಎರಡೂ ಸೇರಿ ಒತ್ತಡ ಒಮ್ಮೆಲೇ ಇಳಿಯಬಹುದು. ಬಸುರಿ ಬಾಣಂತಿಯರಂತೂ ಇದರ ಹತ್ತಿರ ಸುಳಿಯಬಾರದು. ಇದನ್ನು ಕೊಡುವುದು ಕಲಿತ ವೈದ್ಯರ ಕೆಲಸ. ಬೆಳೆಯುವುದಷ್ಟೇ ನಿನ್ನದು.

ಹೆಸರಲ್ಲೇ ಸರ್ಪ ಇದೆ, ಹಾವು ಕಚ್ಚಿದರೆ ಇದರ ಬೇರು ತೇಯ್ದು ಕೊಡುವ ರೂಢಿ ಹಿಂದೆ ಇತ್ತು, ಈಗಲೂ ಅಲ್ಲಲ್ಲಿ ಇದೆ. ಆದರೆ ನಾಗರಹಾವಾಗಲಿ ಕೊಳಕುಮಂಡಲವಾಗಲಿ ಕಚ್ಚಿದಾಗ ಜೀವ ಉಳಿಸುವುದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್. ಅಡಿಕೆ ಕೊನೆ ಇಳಿಸುವ ಕೊನೆಗೌಡನೋ ಹುಲ್ಲು ಕೊಯ್ಯುವವಳೋ ಕಚ್ಚಿಸಿಕೊಂಡು ಬಂದರೆ ಬೇರು ಹುಡುಕುತ್ತ ನಿಲ್ಲದೆ ಜೀಪು ಹೊರಡಿಸು. ಬೇರು ಹುಡುಕುವುದರಲ್ಲಿ ಕಳೆಯುವ ಅರ್ಧ ಗಂಟೆ ಜೀವದ ಬೆಲೆಯದ್ದು. ಗಿಡ ಇದ್ದ ಕಡೆ ಹಾವು ಬರುವುದಿಲ್ಲ ಎಂಬ ಮಾತನ್ನೂ ನಂಬಬೇಡ, ಸಾಲುಗಳ ನಡುವೆ ಕಳೆ ಕೀಳುವಾಗ ಬೂಟು ಹಾಕಿಕೊಂಡೇ ಹೋಗು.

ಮಾರಾಟದ ಮಾತು ಬಾಕಿ ಉಳಿಯಿತು. ಸಸಿ ನಾವೇ ಕೊಡುತ್ತೇವೆ, ಬೇರು ನಾವೇ ಕೊಳ್ಳುತ್ತೇವೆ, ಎಕರೆಗೆ ಇಷ್ಟು ಲಕ್ಷ ಎಂದು ಲೆಕ್ಕದ ಹಾಳೆ ಹಿಡಿದು ಬರುವವರ ಮಾತಿಗೆ ಮುಂಗಡ ಕೊಡಬೇಡ. ಬೇರು ಕೊಳ್ಳುವ ಔಷಧಿ ತಯಾರಕರ ಹತ್ತಿರ ನೀನೇ ಹೋಗಿ ಕೂತು ಮಾತಾಡು, ಎಂಥ ಬೇರು ಬೇಕು, ಎಷ್ಟು ಬೇಕು ಎಂದು ಮೊದಲೇ ತಿಳಿದುಕೋ. ಕಾಗದಪತ್ರವನ್ನೂ ಮೊದಲ ದಿನದಿಂದಲೇ ಇಟ್ಟುಕೊಂಡು ಬಾ. ಸರ್ಪಗಂಧ, ಅಪರೂಪದ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವ ಗಿಡ, ದೇಶದಿಂದ ಹೊರಗೆ ಹೋಗಬೇಕಾದರೆ ಪರವಾನಗಿ ಬೇಕು. ಒಳನಾಡಿನಲ್ಲೂ ಇದು ಕಾಡಿನದೋ ಬೆಳೆದದ್ದೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಸಿ ಕೊಂಡ ರಸೀದಿ, ಜಾಗದ ಪಹಣಿ, ನೆಟ್ಟ ದಿನದ ಮತ್ತು ಪ್ರತಿ ವರ್ಷದ ಫೋಟೋ ಒಂದು ಕಡತದಲ್ಲಿರಲಿ. ಸಾಗಿಸುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಏನು ಬೇಕೋ ಅದನ್ನು ಬರೆಸಿಕೊಂಡೇ ಹೊರಡು.

ಇನ್ನೊಂದು ಕೇಳಿಕೆ, ಇದು ನನ್ನ ಸ್ವಂತದ್ದು. ಮೊದಲ ವರ್ಷದ ಬೀಜವನ್ನು ಮಾರಬೇಡ ತಂಗೀ. ನಿನ್ನ ಮಡಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಊರಲ್ಲಿ ಆಸಕ್ತಿ ಇದ್ದ ಇಬ್ಬರಿಗೆ ಕೊಡು. ಹತ್ತಿಪ್ಪತ್ತು ಸಸಿಗಳನ್ನು ಸೊಪ್ಪಿನಬೆಟ್ಟದ ಅಂಚಿನ ಮರಗಳ ಬುಡದಲ್ಲಿ ನೆಟ್ಟು, ಅವನ್ನು ಎಂದೂ ಕೀಳದೆ ಬಿಟ್ಟುಬಿಡು.