ನೋವಿಲ್ಲವೆಂದು ಹಟ್ಟಿಗೆ ಹೊರಡಬಹುದೇ?

ಪ್ರಶ್ನೆ: ನಮ್ಮ ಅತ್ತೆಗೆ 61 ವರ್ಷ. ಗರ್ಭಕೋಶ ಜಾರಿದ್ದಕ್ಕೆ ಮಂಗಳೂರಿನಲ್ಲಿ ಆಪರೇಷನ್ ಆಗಿ ಮೂರು ವಾರವಾಯಿತು. ಈಗ ನೋವಿಲ್ಲವೆಂದು ಹಟ್ಟಿ ಕೆಲಸಕ್ಕೆ ಹೊರಡುತ್ತಾರೆ. ಬಿಡಬಹುದೇ?
– ಓದುಗರೊಬ್ಬರು, ಪೆರ್ಲ

ಉತ್ತರ: ಬೇಡ, ಖಂಡಿತ ಬಿಡಬೇಡಿ. ಈ ಆಪರೇಷನ್ ಹೆಚ್ಚಾಗಿ ಯೋನಿಯ ಮೂಲಕವೇ ನಡೆಯುವುದರಿಂದ ಹೊಟ್ಟೆಯ ಮೇಲೆ ಗಾಯ ಕಾಣುವುದಿಲ್ಲ. ನೋವೂ ಇಳಿದ ಮೇಲೆ ಎಲ್ಲ ಗುಣವಾದಂತೆ ಅವರಿಗೂ ಮನೆಯವರಿಗೂ ತೋರುತ್ತದೆ. ಆದರೆ ಒಳಗಿನ ಹೊಲಿಗೆ ಕರಗಿ, ಆ ಭಾಗ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಮೊದಲ 6 ವಾರ ಭಾರ ಎತ್ತಲೇಬಾರದು. ಆಮೇಲೂ ಡಾಕ್ಟರ್ ನೋಡಿ ಹೇಳಿದ ಮೇಲಷ್ಟೇ ಒಂದೊಂದೇ ಕೆಲಸ. ಹತ್ತು ಲೀಟರ್ ನೀರು ತುಂಬಿದ ಕೊಡಪಾನ 10 ಕಿಲೋಗಿಂತ ಹೆಚ್ಚು ತೂಗುತ್ತದೆ. ಹುಲ್ಲಿನ ಕಟ್ಟು, ಸೆಗಣಿ ಬುಟ್ಟಿ, ಅಡಿಕೆ ಗೋಣಿ ಯಾವುದೂ ಬೇಡ. ಮೊಮ್ಮಗುವನ್ನು ಎತ್ತುವುದೂ ಬೇಡ. ಕುಳಿತಿದ್ದಾಗ ನೀವೇ ಮಡಿಲಲ್ಲಿ ಕೂರಿಸಿ. ಮೆಟ್ಟುಕತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂರುವ ಬದಲು ಮೇಜಿನ ಮೇಲೆ ತರಕಾರಿ ಹೆಚ್ಚಲಿ.

ಬಾಣಂತಿಯನ್ನು ನೋಡಿಕೊಳ್ಳುವ ಕ್ರಮ ನಮ್ಮಲ್ಲಿದೆ. ಅರುವತ್ತು ದಾಟಿದವರ ಆಪರೇಷನ್ನಿಗೆ ಅಂಥದ್ದೊಂದು ಕ್ರಮ ಇನ್ನೂ ಹುಟ್ಟಿಲ್ಲ. ಹಾಲು ಕರೆಯುವುದನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ, ಇಲ್ಲವೇ ಆಳು ನೋಡಿ. ಕೆಲಸ ಬಾಕಿ ಇರುವುದು ಕಣ್ಣಿಗೆ ಬಿದ್ದರೆ ಅತ್ತೆಯವರು ಸುಮ್ಮನೆ ಕೂರಲಾರರು.

ಹಾಗೆಂದು ಮಲಗಿಯೇ ಇರಬಾರದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅಂಗಳದಲ್ಲಿ ದಿನಕ್ಕೆ ನಾಲ್ಕಾರು ಸಲ ನಡೆಯಲಿ.

ಭಾರದಷ್ಟೇ ಕೆಟ್ಟದ್ದು ಮಲಬದ್ಧತೆ. ಮುಕ್ಕಿದಾಗ ಒತ್ತಡವೆಲ್ಲ ಹೊಲಿಗೆಯ ಮೇಲೆಯೇ ಬೀಳುತ್ತದೆ. ಬಾಣಂತನದ ಪಥ್ಯದಂತೆ ನೀರು ಕಡಿಮೆ ಮಾಡುವುದು ಇಲ್ಲಿ ತಪ್ಪು. ಕುಚ್ಚಿಲಕ್ಕಿ ಗಂಜಿ, ಬಸಳೆ, ಹರಿವೆ, ಪಪ್ಪಾಯಿ ಇರಲಿ. ಸಾಲದಿದ್ದರೆ ಡಾಕ್ಟರನ್ನು ಕೇಳಿ ಮಲ ಮೆದುವಾಗುವ ಔಷಧಿ ಕೊಡಿ. ಕಮೋಡ್ ಇದ್ದರೆ ಅದನ್ನೇ ಬಳಸಲಿ. ಹಳೆಯ ಕೆಮ್ಮಿದ್ದರೆ ಅದಕ್ಕೂ ಮದ್ದಾಗಬೇಕು.

ನಾಲ್ಕಾರು ವಾರ ಸ್ವಲ್ಪ ಕಂದು ಸ್ರಾವ, ನಡುವೆ ದಾರದ ಚೂರು ಬರುವುದು ಸಹಜ. ಒಳಗೆ ಡೆಟ್ಟಾಲ್ ನೀರು ಹಾಕಿ ತೊಳೆಯಬಾರದು, ಕೆರೆ ಸ್ನಾನವೂ ಸದ್ಯಕ್ಕೆ ಬೇಡ. ಶ್ರೋಣಿಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಯಾವಾಗ ಶುರುಮಾಡಬೇಕೆಂದು ಮುಂದಿನ ಭೇಟಿಯಲ್ಲಿ ಕೇಳಿ.

ಜ್ವರ, ದುರ್ವಾಸನೆಯ ಸ್ರಾವ, ಪ್ಯಾಡ್ ತೋಯುವಷ್ಟು ರಕ್ತ, ಮೂತ್ರ ಕಟ್ಟುವುದು, ಒಂದೇ ಕಾಲು ಬಾತು ನೋಯುವುದು, ಏದುಸಿರು – ಇವುಗಳಲ್ಲಿ ಒಂದು ಕಂಡರೂ ಮಂಗಳೂರಿಗೇ ಹೋಗಬೇಕೆಂದು ಕಾಯಬೇಡಿ. ಡಿಸ್ಚಾರ್ಜ್ ಚೀಟಿ ಹಿಡಿದು ಕಾಸರಗೋಡಿನ ಜನರಲ್ ಆಸ್ಪತ್ರೆಗೋ, ಅದಕ್ಕಿಂತ ಹತ್ತಿರವಿರುವಲ್ಲಿಗೋ ಕೂಡಲೇ ಹೊರಡಿ.