ಖಾಲಿ ತೋಟೆ ಕೋವಿಯಲ್ಲಿ ಸಿಕ್ಕಿಕೊಳ್ಳುವುದೇಕೆ?

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಪೂಜಿಸುವರು. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳೂ ನಡೆಯುವುವು. ತೋಟೆಕೋವಿಯನ್ನು ಬಳಸುವವರಿಗೆಲ್ಲ ಪರಿಚಿತವಾದ ತೊಂದರೆಯೊಂದುಂಟು. ಈಡು ಹಾರಿದ ಮೇಲೆ ಕೋವಿಯನ್ನು ಮಡಿಸಿ ತೆರೆದರೆ ಖಾಲಿ ತೋಟೆ ಹೊರಕ್ಕೆ ಚಿಮ್ಮಬೇಕು. ಆದರೆ ಕೆಲವು ಸಲ ಅದು ಇದ್ದಲ್ಲಿಯೇ ಬಿಗಿದು ನಿಲ್ಲುವುದು. ಇದರ ಕಾರಣವನ್ನು ಅರಿಯಲು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವೇ ಸಾಕು. ಅದನ್ನು ಇಲ್ಲಿ ವಿಚಾರಿಸೋಣ.

ತೋಟೆ ಉಬ್ಬಲೇಬೇಕು

ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ ಒಂದೊಂದು ಗುಂಡಿನ ವ್ಯಾಸ ಎಷ್ಟಾಗುವುದೋ ಅಷ್ಟೇ ವ್ಯಾಸದ ನಳಿಗೆಯುಳ್ಳದ್ದು 12 ಬೋರಿನ ಕೋವಿ. ಈ ವ್ಯಾಸ ಸುಮಾರು 18.5 ಮಿಲಿಮೀಟರು. ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಭಾಗ, ಎಂದರೆ ಚೇಂಬರು, ಇದಕ್ಕಿಂತ ತುಸು ಅಗಲ. ಅದರ ವ್ಯಾಸ ಸುಮಾರು 20 ಮಿಲಿಮೀಟರೆಂದು ಇಟ್ಟುಕೊಳ್ಳೋಣ.

ಮದ್ದು ಉರಿದಾಗ ಚೇಂಬರಿನ ಪ್ರತಿಯೊಂದು ಚದರ ಮಿಲಿಮೀಟರಿನ ಮೇಲೂ ಸುಮಾರು 75 ನ್ಯೂಟನ್ ಬಲ ಬೀಳುವುದು. ಇದು ವಾಯುಮಂಡಲದ ಒತ್ತಡದ 700 ಮಡಿಗೂ ಹೆಚ್ಚು. ಈ ಒತ್ತಡಕ್ಕೆ ತೋಟೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುವುದು. ಬಿಸಿಯಾದ ಅನಿಲ ಹಿಂದಕ್ಕೆ ನುಗ್ಗಿ ಹೊಡೆಯುವವನ ಮುಖಕ್ಕೆ ಬಡಿಯದಂತೆ ಈ ಉಬ್ಬೇ ತಡೆಯುವುದು. ಆದುದರಿಂದ ಉಬ್ಬುವುದು ದೋಷವಲ್ಲ. ಉಬ್ಬಿದ ತೋಟೆ ಮತ್ತೆ ಕುಗ್ಗದಿರುವುದೇ ದೋಷ.

ಎಷ್ಟು ಕುಗ್ಗಬಲ್ಲುದು?

ಲೋಹವನ್ನು ಸ್ಥಿತಿಸ್ಥಾಪಕತ್ವದ ಎಲ್ಲೆ ಮೀರಿ ಹಿಗ್ಗಿಸಿದರೆ ಅದು ಪೂರ್ತಿಯಾಗಿ ಹಿಂದಿರುಗದು. ಸ್ವಲ್ಪ ಮಾತ್ರ ಹಿಂದಿರುಗುವುದು. ಆ ಸ್ವಲ್ಪ ಎಷ್ಟೆಂಬುದನ್ನು ತಿಳಿಯಲು ಲೋಹವು ಮಣಿಯತೊಡಗುವ ಪೀಡನವನ್ನು ಯಂಗನ ಗುಣಾಂಕದಿಂದ ಭಾಗಿಸಬೇಕು.

ಗಡುಸಾದ ಹಿತ್ತಾಳೆಯು ಚದರ ಮಿಲಿಮೀಟರಿಗೆ ಸುಮಾರು 400 ನ್ಯೂಟನ್ ಪೀಡನದಲ್ಲಿ ಮಣಿಯುವುದು. ಅದರ ಗುಣಾಂಕ ಅದೇ ಮಾನದಲ್ಲಿ ಸುಮಾರು 1,00,000. ಭಾಗಲಬ್ಧ 0.004. ವ್ಯಾಸ 20 ಮಿಲಿಮೀಟರಾದರೆ ಕುಗ್ಗುವುದು 0.08 ಮಿಲಿಮೀಟರು. ಮೆದು ಉಕ್ಕಿಗೆ ಈ ಸಂಖ್ಯೆಗಳು ಸುಮಾರು 250 ಮತ್ತು 2,00,000. ಅದು ಕುಗ್ಗುವುದು ಕೇವಲ 0.025 ಮಿಲಿಮೀಟರು.

ಇತ್ತ ಚೇಂಬರಿನ ಉಕ್ಕೂ ಎಲ್ಲೆಯೊಳಗೇ ತುಸು ಹಿಗ್ಗಿ, ಒತ್ತಡ ಇಳಿದೊಡನೆ ಪೂರ್ತಿಯಾಗಿ ಹಿಂದಿರುಗುವುದು. ಗೋಡೆಯ ದಪ್ಪ 5 ಮಿಲಿಮೀಟರೆಂದು ಹಿಡಿದರೆ ಈ ಹಿಗ್ಗು ಸುಮಾರು 0.015 ಮಿಲಿಮೀಟರು. ಹಿತ್ತಾಳೆಯ ತಳವುಳ್ಳ ತೋಟೆಗೆ ಉಳಿಯುವ ಸಡಿಲು 0.065 ಮಿಲಿಮೀಟರು, ಉಕ್ಕಿನ ತಳವುಳ್ಳದ್ದಕ್ಕೆ 0.01 ಮಾತ್ರ. ಇವು ಅಂದಾಜಿನ ಲೆಕ್ಕಗಳೇ ಸರಿ. ಆದರೂ ಒಂದೇ ಕೋವಿಯಲ್ಲಿ ಒಂದು ಬಗೆಯ ತೋಟೆ ಸಲೀಸಾಗಿ ಬಂದು, ಅಗ್ಗದ ಇನ್ನೊಂದು ಬಗೆ ಸಿಕ್ಕಿಕೊಳ್ಳುವುದೇಕೆಂಬುದು ಇದರಿಂದ ವಿಶದವಾಗುವುದು.

ಇಷ್ಟು ಕಿರಿದಾದ ಸಡಿಲನ್ನು ಮದ್ದಿನ ಮಸಿಯಾಗಲಿ, ಪ್ಲಾಸ್ಟಿಕ್ಕಿನ ಅಂಟಾಗಲಿ ಸುಲಭವಾಗಿ ತುಂಬಿಬಿಡುವುದು. ತುಕ್ಕು ಹಿಡಿದ ಗುಳಿಗಳಿದ್ದರೆ ತೋಟೆಯ ಮೈ ಅವುಗಳೊಳಗೆ ಒತ್ತಿಹೋಗಿ ಕಚ್ಚಿಕೊಳ್ಳುವುದು. ಹಿಂದಿನ ಕಾಗದದ ತೋಟೆಗಳು ಮಳೆಗಾಲದ ತೇವವನ್ನು ಹೀರಿ ಈಡಿಗೆ ಮೊದಲೇ ಉಬ್ಬುತ್ತಿದ್ದುವು.

ಸೆಳೆಯುವುದು ಬೇರೆ, ಚಿಮ್ಮಿಸುವುದು ಬೇರೆ

ತೋಟೆಯ ಅಂಚನ್ನು ಹಿಡಿದು ಕೆಲವು ಮಿಲಿಮೀಟರು ಹಿಂದಕ್ಕೆ ಸೆಳೆಯುವ ಭಾಗ ಎಕ್ಸ್‌ಟ್ರ್ಯಾಕ್ಟರು. ಮಡಿಸುವ ಕೋವಿಯಲ್ಲಿ ನಳಿಗೆಯೇ ಇದಕ್ಕೆ ಸನ್ನೆ. ನಮ್ಮ ಕೈ ಕೀಲಿನಿಂದ 30 ಸೆಂಟಿಮೀಟರು ದೂರದಲ್ಲಿಯೂ, ಎಕ್ಸ್‌ಟ್ರ್ಯಾಕ್ಟರನ್ನು ತಳ್ಳುವ ಭಾಗ 3 ಸೆಂಟಿಮೀಟರು ದೂರದಲ್ಲಿಯೂ ಇದ್ದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕಹಾಕಿದಾಗ ಕೈಯ ಬಲ 10 ಮಡಿಯಾಗುವುದು.

ಸಡಿಲಗೊಂಡ ಖಾಲಿ ತೋಟೆಯನ್ನು ಹೊರಕ್ಕೆಸೆಯುವುದು ಇಜೆಕ್ಟರು. ಇದರಲ್ಲಿ ಸನ್ನೆಯಿಲ್ಲ, ಬಿಗಿದ ಸ್ಪ್ರಿಂಗಿನಲ್ಲಿ ಕೂಡಿಟ್ಟ ಅಲ್ಪ ಶಕ್ತಿಯಷ್ಟೇ ಇದರ ಬಂಡವಾಳ. ಬಿಗಿದು ಕುಳಿತ ತೋಟೆಯನ್ನು ಕಿತ್ತೆಸೆಯುವುದು ಇದರ ಕೆಲಸವಲ್ಲ. ತೋಟೆ ಹಾರದಿದ್ದಾಗ ಸ್ಪ್ರಿಂಗನ್ನೇ ದೂರಿ, ಹೊಸದನ್ನು ಹಾಕಿಸಿ, ತೊಂದರೆ ಹಾಗೆಯೇ ಉಳಿದುದನ್ನು ಕಂಡು ಬೆರಗಾಗುವವರು ಈ ಭೇದವನ್ನು ಗಮನಿಸಿರುವುದಿಲ್ಲ.

ದೋಷವನ್ನು ಗುರುತಿಸುವ ಬಗೆ

ಹೊರತೆಗೆದ ಖಾಲಿ ತೋಟೆಯೇ ಸಾಕ್ಷಿ ನುಡಿಯುವುದು. ಅದರ ಅಂಚು ಹರಿದಿದ್ದರೆ ಎಕ್ಸ್‌ಟ್ರ್ಯಾಕ್ಟರು ಸರಿಯಾಗಿಯೇ ಎಳೆದಿದೆ. ದೋಷ ಚೇಂಬರಿನದು ಇಲ್ಲವೆ ತೋಟೆಯದು. ಅಂಚಿನಲ್ಲಿ ಗುರುತೇ ಇಲ್ಲದಿದ್ದರೆ ಎಕ್ಸ್‌ಟ್ರ್ಯಾಕ್ಟರು ಸವೆದು ಜಾರುತ್ತಿರಬಹುದು. ತೋಟೆ ಕೆಲವು ಮಿಲಿಮೀಟರು ಸಲೀಸಾಗಿ ಎದ್ದು ಅಲ್ಲಿಯೇ ನಿಂತರೆ ಮಾತ್ರ ಇಜೆಕ್ಟರನ್ನೂ ಅದರ ಸ್ಪ್ರಿಂಗನ್ನೂ ಸಂಶಯಿಸತಕ್ಕದ್ದು.

ಮೊದಲ ಚಿಕಿತ್ಸೆ ಶುಚಿಮಾಡುವುದೇ. ಮಸಿ ಕರಗಿಸುವ ದ್ರವ ಹಚ್ಚಿ, ಚೇಂಬರಿಗೆ ಹೊಂದುವ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒಣಗುವಂತೆ ಒರಸಬೇಕು. ಜಾರಲೆಂದು ಎಣ್ಣೆಯನ್ನು ಅಲ್ಲಿಯೇ ಬಿಡಲಾಗದು. ಗೋಡೆಯ ಹಿಡಿತ ತಪ್ಪಿದರೆ ತೋಟೆಯ ಹಿನ್ನೂಕು ಕೋವಿಯ ಬೀಗದ ಮೇಲೆ ಹೆಚ್ಚುವುದು. ಗುಳಿಗಳನ್ನು ತೀಡಿ ತೆಗೆಯುವುದು ನುರಿತ ಕುಶಲಿಯ ಕೆಲಸ. ಅತಿಯಾಗಿ ತೀಡಿದರೆ ಚೇಂಬರು ಅಗಲವಾಗಿ ತೋಟೆ ಇನ್ನಷ್ಟು ಉಬ್ಬುವುದು. ನಮ್ಮ ದೇಶದಲ್ಲಿ ಕೋವಿಯ ದುರಸ್ತಿಯ ವೃತ್ತಿಗೆ 1959ರ ಶಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು.

ಎರಡು ಅಪಾಯಗಳು

ತೋಟೆಯ ಬೆನ್ನಿನ ಕೇಪಿನಲ್ಲಿ ಗುಳಿ ಬಿದ್ದ ಮಾತ್ರಕ್ಕೆ ಮದ್ದು ಉರಿದಿದೆಯೆಂದು ತಿಳಿಯಬಾರದು. ಶಬ್ದವೂ ಹಿನ್ನೊದೆತವೂ ಇಲ್ಲದಿದ್ದರೆ ಅದನ್ನು ಜೀವಂತ ತೋಟೆಯೆಂದೇ ಭಾವಿಸಿ, ನಳಿಗೆಯನ್ನು ನಿರ್ಜನ ದಿಕ್ಕಿಗೆ ತಿರುಗಿಸಿ ಅರ್ಧ ನಿಮಿಷವಾದರೂ ಕಾಯಬೇಕು. ಅಂತಹ ತೋಟೆಯನ್ನು ಚೂರಿಯಿಂದ ಮೀಟುವುದಾಗಲಿ, ಮುಂದಿನಿಂದ ಕೋಲಿನಿಂದ ಕುಟ್ಟುವುದಾಗಲಿ ಪ್ರಾಣಕ್ಕೇ ಮುಳುವಾದೀತು.

ಎರಡನೆಯದು ಇನ್ನೂ ಕುಟಿಲವಾದುದು. 20 ಬೋರಿನ ತೋಟೆಯನ್ನು ತಪ್ಪಿ 12 ಬೋರಿನ ಕೋವಿಗೆ ಹಾಕಿದರೆ ಅದು ಚೇಂಬರನ್ನು ದಾಟಿ ನಳಿಗೆಯ ಬಾಯಲ್ಲಿ ನಿಲ್ಲುವುದು. ತೆರೆದಾಗ ಎಕ್ಸ್‌ಟ್ರ್ಯಾಕ್ಟರು ಬರಿದಾಗಿ ಬರುವುದು. ಕೋವಿ ಖಾಲಿಯೆಂಬ ಭ್ರಮೆಯಾಗುವುದು. ಅದರ ಹಿಂದೆ 12 ಬೋರಿನ ತೋಟೆ ಹಾಕಿ ಹಾರಿಸಿದರೆ ನಳಿಗೆ ಸಿಡಿಯುವುದು. 20 ಬೋರಿನ ತೋಟೆಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದುದು ಇದಕ್ಕಾಗಿಯೇ. ಏನೂ ಹೊರಬರಲಿಲ್ಲವೆಂದರೆ ಒಳಗೆ ಏನೂ ಇಲ್ಲವೆಂದು ಅರ್ಥವಲ್ಲ. ಹಿಂದಿನಿಂದ ನಳಿಗೆಯುದ್ದಕ್ಕೂ ಬೆಳಕು ಕಂಡ ಮೇಲೆಯೇ ಮುಂದಿನ ತೋಟೆಗೆ ಕೈಹಾಕಬೇಕು.