ಹೊಸ ಉದ್ಯಮಿಗೆ ಮಾರ್ಗದರ್ಶಕರು ಏಕೆ ಬೇಕು?



ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಸಣ್ಣ ಉದ್ಯಮದ ಪಾಠ ಆರಂಭಿಸುವಾಗ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ: ಸ್ವಂತ ವ್ಯಾಪಾರಕ್ಕೆ ಮೊದಲು ಬೇಕಾದದ್ದು ಏನು? ಇಡೀ ತರಗತಿಯಿಂದ ಬರುವ ಉತ್ತರ ಒಂದೇ, ಬಂಡವಾಳ.

ಉತ್ತರ ತಪ್ಪಲ್ಲ, ಅಪೂರ್ಣ. ಬಂಡವಾಳಕ್ಕೆ ಇಂದು ಕೆಲವು ದಾರಿಗಳಾದರೂ ಇವೆ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯ ಹೆಸರನ್ನು ನಿಮ್ಮಲ್ಲಿ ಹಲವರು ಮನೆಯಲ್ಲೇ ಕೇಳಿರುತ್ತೀರಿ. ಸಾಲವೇನೋ ಬಂತು. ಮೂರನೇ ತಿಂಗಳಲ್ಲಿ ವ್ಯಾಪಾರ ಕುಂಟತೊಡಗಿದರೆ ಯಾರನ್ನು ಕೇಳಬೇಕು? ಕೇಳಲು ಯಾರೂ ಇಲ್ಲದಿದ್ದಾಗ ಮನೆಯ ಒಡವೆ ಅಡವಿಗೆ ಹೋಗುತ್ತದೆ, ಆಮೇಲೆ ಮಕ್ಕಳ ಓದು ನಿಲ್ಲುತ್ತದೆ. ಹೀಗೆ ಖಾಲಿಯಾದ ಬೆಂಚುಗಳನ್ನು ನಾನು ನೋಡಿದ್ದೇನೆ. ಆದ್ದರಿಂದ ನನಗೆ ಇದು ಬರೀ ಪರೀಕ್ಷೆಗೆ ಓದುವ ವಿಷಯವಲ್ಲ.

ಆ ಹೊತ್ತಿನಲ್ಲಿ ಬೇಕಾಗುವವರೇ ಮಾರ್ಗದರ್ಶಕರು, ಇಂಗ್ಲಿಷಿನಲ್ಲಿ 'ಮೆಂಟರ್'. (ಗ್ರೀಕ್ ಮಹಾಕಾವ್ಯ ಒಡಿಸ್ಸಿಯಲ್ಲಿ ಮೆಂಟರ್ ಎಂಬುದು ಒಬ್ಬ ವ್ಯಕ್ತಿಯ ಹೆಸರು. ಯುದ್ಧಕ್ಕೆ ಹೊರಟ ಒಡಿಸಿಯಸ್ ತನ್ನ ಮನೆಯನ್ನು ನೋಡಿಕೊಳ್ಳಲು ಅವನಿಗೆ ಒಪ್ಪಿಸಿರುತ್ತಾನೆ.)

ಅವರು ಮಾಡುವ ಕೆಲಸವೇನು? ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಹುಡುಗಿ ಮನೆಯಲ್ಲೇ ಕೇಕ್ ಮಾಡಿ, ಒಂದನ್ನು 500 ರೂಪಾಯಿಗೆ ಮಾರುತ್ತಾಳೆ ಎಂದುಕೊಳ್ಳಿ. ಮೈದಾ, ಬೆಣ್ಣೆ, ಮೊಟ್ಟೆ, ಕ್ರೀಮ್ ಸೇರಿ 280 ರೂಪಾಯಿ ಖರ್ಚು. ಉಳಿದ 220 ರೂಪಾಯಿ ಲಾಭ ಎಂದು ಅವಳ ನಂಬಿಕೆ. ಅನುಭವವಿರುವ ಮಾರ್ಗದರ್ಶಕರು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ, ಕೇಳುತ್ತಾ ಹೋಗುತ್ತಾರೆ. ಡಬ್ಬಿಗೆ ಎಷ್ಟು? 30. ಗ್ಯಾಸ್, ಕರೆಂಟು? 40. ತಲುಪಿಸಲು ಆಟೋ? 50. ಅಲ್ಲಿಗೆ ಉಳಿದದ್ದು 100. ಒಂದು ಕೇಕಿಗೆ ಎಷ್ಟು ಹೊತ್ತು? ನಾಲ್ಕು ಗಂಟೆ. ಅಂದರೆ ಗಂಟೆಗೆ 25 ರೂಪಾಯಿ ಕೂಲಿ! ಇಷ್ಟಾದ ಮೇಲೆ ಕಡೆಯ ಪ್ರಶ್ನೆ: ತಿಂಗಳಿಗೆ ಎಷ್ಟು ಕೇಕ್ ಉದ್ರಿ ಹೋಗುತ್ತದೆ? ಒಂದು ಕೇಕಿನ ಹಣ ಬರದಿದ್ದರೆ, ಕೈಬಿಟ್ಟ 400 ರೂಪಾಯಿ ತುಂಬಿಕೊಳ್ಳಲು ಇನ್ನೂ ನಾಲ್ಕು ಕೇಕ್ ಮಾರಬೇಕು.

ಈಗ ಬೆಲೆ ಏರಿಸಬೇಕೋ, ನಾಲ್ಕು ಕೇಕನ್ನು ಒಟ್ಟಿಗೆ ಮಾಡಿ ಸಮಯ ಉಳಿಸಬೇಕೋ, ಉದ್ರಿ ನಿಲ್ಲಿಸಬೇಕೋ ಎಂಬುದು ಅವಳ ತೀರ್ಮಾನ. ಮಾರ್ಗದರ್ಶಕರು ತಾವೇ ತೀರ್ಮಾನ ಮಾಡಿಬಿಟ್ಟರೆ ಅದು ಅವರ ವ್ಯಾಪಾರವಾಗುತ್ತದೆ, ಅವಳದಲ್ಲ.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ನಿರುದ್ಯೋಗಿ ಯುವಜನರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ. ನನಗೆ ಮುಖ್ಯವಾಗಿ ಕಾಣುವುದು ತರಬೇತಿಗಿಂತ ಆಮೇಲಿನ ಎರಡು ವರ್ಷ. ಶಿಬಿರ ಮುಗಿಸಿ ಹೋದವರು ಉದ್ಯೋಗ ಶುರು ಮಾಡಿದರೇ, ಬ್ಯಾಂಕ್ ಸಾಲ ಸಿಕ್ಕಿತೇ, ಎಲ್ಲಿ ತೊಡಕಾಗಿದೆ ಎಂದು ಸಂಸ್ಥೆಯವರೇ ವಿಚಾರಿಸುತ್ತಾರೆ. ಇದೇ ಮಾದರಿಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಬ್ಯಾಂಕುಗಳ ಮೂಲಕ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳನ್ನು ತೆರೆಸಿತು.

1992ರಲ್ಲಿ ಲಕ್ಷ್ಮಿ ವೆಂಕಟೇಶನ್ ಅವರು ಬ್ರಿಟನ್ನಿನ ಪ್ರಿನ್ಸ್ ಟ್ರಸ್ಟ್‌ನಿಂದ ಪ್ರೇರಣೆ ಪಡೆದು ಕಟ್ಟಿದ ಭಾರತೀಯ ಯುವ ಶಕ್ತಿ ಟ್ರಸ್ಟ್ ಕೂಡ ಬಡ ಯುವ ಉದ್ಯಮಿಗಳಿಗೆ ಸಾಲದ ನೆರವಿನ ಜೊತೆಗೆ ಸ್ವಯಂಸೇವಕ ಮಾರ್ಗದರ್ಶಕರನ್ನು ಒದಗಿಸುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾದ ಮಾರ್ಗದರ್ಶನ ಸೇವೆಯಲ್ಲಿ ಒಬ್ಬ ಉದ್ಯಮಿಯ ಜೊತೆ ಹಲವು ಮಾರ್ಗದರ್ಶಕರು ಒಟ್ಟಿಗೆ ಕೂರುತ್ತಾರೆ. ಒಬ್ಬರಿಗೆ ಮಾರುಕಟ್ಟೆ ಗೊತ್ತು, ಇನ್ನೊಬ್ಬರಿಗೆ ಕಾನೂನು ಗೊತ್ತು. ಯಾರ ಸಲಹೆಯ ಹಿಂದೆಯೂ ಸ್ವಂತ ಲಾಭದ ಲೆಕ್ಕ ಇರಬಾರದೆಂಬುದು ಅಲ್ಲಿನ ನಿಯಮ.

ಈ ನಿಯಮ ನಮ್ಮ ಊರಿಗೂ ಅನ್ವಯಿಸುತ್ತದೆ. ನಿಮಗೆ ಸರಕು ಮಾರುವ ಸಗಟು ವ್ಯಾಪಾರಿ ಎಷ್ಟೇ ಒಳ್ಳೆಯವರಾಗಿರಲಿ, 'ಇನ್ನೂ ಹತ್ತು ಪೆಟ್ಟಿಗೆ ತಗೊಳ್ಳಿ' ಎನ್ನುವುದು ಅವರ ಕಸುಬು. ಸಾಲ ಕೊಟ್ಟ ಚಿಕ್ಕಪ್ಪನ ಕಣ್ಣು ಕಂತಿನ ಮೇಲಿರುತ್ತದೆ. ಇಬ್ಬರ ಮಾತನ್ನೂ ಕೇಳಿ, ಆದರೆ ನಿಮ್ಮ ಲೆಕ್ಕದ ಪುಸ್ತಕವನ್ನು ಬೇರೊಬ್ಬರಿಗೆ ತೋರಿಸಿ. ಇಪ್ಪತ್ತು ವರ್ಷ ಬಟ್ಟೆ ಅಂಗಡಿ ನಡೆಸಿ ನಿವೃತ್ತರಾದವರು, ನಿವೃತ್ತ ಬ್ಯಾಂಕ್ ಅಧಿಕಾರಿ, ಗ್ಯಾರೇಜಿನ ಹಿರಿಯ ಮೇಸ್ತ್ರಿ, ಇಂಥವರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಹೆಣ್ಣುಮಕ್ಕಳಿಗೆ ಇಂಥ ಹಿರಿಯರ ಬಳಿ ಹೋಗುವುದು ಕಷ್ಟ ಎಂಬುದು ನನಗೆ ಗೊತ್ತು. ಟೈಲರಿಂಗ್, ಮೆಹಂದಿ, ಅಡುಗೆಯಿಂದ ಸಂಸಾರ ನಡೆಸುತ್ತಿರುವ ಮಹಿಳೆಯರನ್ನು ನಾವು ಉದ್ಯಮಿಗಳೆಂದು ಎಣಿಸುವುದೇ ಇಲ್ಲ. ಅವರೂ ಮಾರ್ಗದರ್ಶಕರೇ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. 'ವ್ಯಾಪಾರ ಮಾಡಬೇಕೆಂದಿದ್ದೇನೆ, ಏನು ಮಾಡಲಿ?' ಎಂಬುದಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಒಂದು ತಿಂಗಳ ಜಮಾ ಖರ್ಚು ಬರೆದುಕೊಂಡು, ಒಂದೇ ಒಂದು ನಿರ್ದಿಷ್ಟ ಪ್ರಶ್ನೆ ಹಿಡಿದು ಹೋಗಿ. ಉದ್ಯಮ್ ನೋಂದಣಿ ಮಾಡಿಸಿಕೊಡಲು ಯಾರಾದರೂ ಹಣ ಕೇಳಿದರೆ ಕೊಡಬೇಡಿ, ಸರ್ಕಾರದ ಪೋರ್ಟಲ್‌ನಲ್ಲಿ ಅದು ಉಚಿತ.

ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಹಲವರಿಗೆ 18 ತುಂಬಿರುತ್ತದೆ, ಆರ್‌ಸೆಟಿ ತರಬೇತಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಮನೆಯಲ್ಲಿ ಅಂಗಡಿಯೋ ಹೊಲಿಗೆ ಯಂತ್ರವೋ ಇದ್ದರೆ, ಮುಂದಿನ ತಿಂಗಳ ಲೆಕ್ಕವನ್ನು ತಂದೆ ತಾಯಿಯ ಅನುಮತಿ ಪಡೆದು ನೀವೇ ಬರೆಯಿರಿ. ನಿಮ್ಮ ಮನೆಯವರ ಕೂಲಿಯನ್ನೂ ಅದರಲ್ಲಿ ಸೇರಿಸಿ. ಬರೆದದ್ದನ್ನು ವಾಣಿಜ್ಯ ವಿಭಾಗಕ್ಕೆ ತಂದರೆ ಒಟ್ಟಿಗೆ ಕೂತು ನೋಡೋಣ.